ಕ್ರೈಸ್ತ ವಧುವಿನ ವೇಲ್: ಹಿನ್ನೆಲೆ, ಆಯ್ಕೆ ಮತ್ತು ಧರಿಸುವ ಕ್ರಮ

ಕ್ರೈಸ್ತ ವಿವಾಹದಲ್ಲಿ ವಧುವು ತಲೆಯ ಮೇಲೆ ಧರಿಸುವ ತೆಳುವಾದ ಬಿಳಿಯ ವಸ್ತ್ರವೇ ಮುಸುಕು. ಕರಾವಳಿಯ ಮನೆಗಳಲ್ಲಿಯೂ ಬೆಂಗಳೂರಿನ ಹೊಲಿಗೆಯಂಗಡಿಗಳಲ್ಲಿಯೂ ಇದು ‘ವೇಲ್’ ಎಂಬ ಹೆಸರಿನಿಂದಲೇ ಪರಿಚಿತ. ಗೌನ್ ಅಥವಾ ಸೀರೆ, ಚಿನ್ನ, ಉಂಗುರ, ಸಭಾಂಗಣ ಇವುಗಳಿಗೆ ತಿಂಗಳುಗಟ್ಟಲೆ ಓಡಾಡುವ ಕುಟುಂಬಗಳು ವೇಲಿನ ವಿಚಾರವನ್ನು ಸಾಮಾನ್ಯವಾಗಿ ಕೊನೆಯ ವಾರಕ್ಕೆ ಬಿಡುವುದುಂಟು. ಆದರೆ ದೇವಾಲಯದ ಬಾಗಿಲಿನಿಂದ ಬಲಿಪೀಠದವರೆಗೆ, ಬಲಿಪೂಜೆಯ ಆರಂಭದಿಂದ ಅಂತ್ಯದವರೆಗೆ ವಧುವಿನ ತಲೆಯ ಮೇಲಿರುವುದು ಈ ವಸ್ತ್ರವೇ. ಅದು ಜಾರಿದರೆ, ಸಿಕ್ಕಿಕೊಂಡರೆ, ಮುಖಕ್ಕೆ ಅಂಟಿಕೊಂಡರೆ ಪ್ರಾರ್ಥನೆಯ ಮೇಲಿನ ಗಮನವೆಲ್ಲ ಅದರ ಮೇಲೆಯೇ ಹೋಗುತ್ತದೆ.

ಇದಕ್ಕಿಂತಲೂ ಮುಖ್ಯವಾದ ಪ್ರಶ್ನೆಗಳು ಬೇರೆ ಇವೆ. ವಧುವಿನ ಮುಖ ಮುಚ್ಚಲೇಬೇಕೆ? ಮುಸುಕನ್ನು ಎತ್ತುವ ಅಧಿಕಾರ ಯಾರದು? ಸೀರೆಯುಟ್ಟವಳಿಗೆ ವೇಲ್ ಅಗತ್ಯವೇ? ಮರುಮದುವೆಯಾಗುವ ವಿಧವೆ ಅದನ್ನು ಧರಿಸಬಹುದೇ? ಇವುಗಳ ಬಗ್ಗೆ ಮನೆಗಳಲ್ಲಿ ಮಾತಿಗೆ ಮಾತು ಬೆಳೆದು, ಮದುವೆಯ ಸಂಭ್ರಮ ಕದಡುವುದೂ ಉಂಟು. ಮುಸುಕಿನ ಹಿನ್ನೆಲೆಯನ್ನು ತಿಳಿದುಕೊಂಡರೆ ಇಂತಹ ಹೆಚ್ಚಿನ ತರ್ಕಗಳಿಗೆ ಅವಕಾಶವೇ ಉಳಿಯುವುದಿಲ್ಲ.

ಪ್ರಾಚೀನ ಮೂಲ

ವಧುವಿನ ಮುಸುಕು ಕ್ರೈಸ್ತ ಧರ್ಮಕ್ಕಿಂತ ಹಳೆಯದು. ಪ್ರಾಚೀನ ರೋಮಿನಲ್ಲಿ ಮದುಮಗಳು ‘ಫ್ಲಾಮಿಯಂ’ ಎಂಬ, ಬೆಂಕಿಯ ಜ್ವಾಲೆಯ ಬಣ್ಣದ ದೊಡ್ಡ ಮುಸುಕನ್ನು ಹೊದೆಯುತ್ತಿದ್ದಳು. ಲ್ಯಾಟಿನ್ ಭಾಷೆಯಲ್ಲಿ ಹೆಣ್ಣು ಮದುವೆಯಾಗುವುದನ್ನು ಸೂಚಿಸುವ ‘ನೂಬೆರೆ’ ಎಂಬ ಕ್ರಿಯಾಪದವನ್ನು ಆ ಕಾಲದ ವಿದ್ವಾಂಸರೇ ಮುಸುಕು ಹೊದೆಯುವುದರೊಂದಿಗೆ ಜೋಡಿಸಿ ವಿವರಿಸಿದ್ದಾರೆ.

ಬೈಬಲಿನ ಆದಿಕಾಂಡದಲ್ಲಿ ಎರಡು ಪ್ರಸಂಗಗಳಿವೆ. ತನ್ನನ್ನು ವರಿಸಲಿರುವ ಇಸಾಕನು ದೂರದಿಂದ ಬರುತ್ತಿರುವುದನ್ನು ತಿಳಿದ ರೆಬೆಕ್ಕಳು ಮುಸುಕು ಹಾಕಿಕೊಳ್ಳುತ್ತಾಳೆ. ಮುಂದಿನ ತಲೆಮಾರಿನಲ್ಲಿ ರಾಹೇಲಳನ್ನು ಬಯಸಿದ ಯಾಕೋಬನಿಗೆ ಅವಳ ಅಕ್ಕ ಲೇಯಳನ್ನು ಕೊಟ್ಟು ವಂಚಿಸಲಾಗುತ್ತದೆ. ಯೆಹೂದ್ಯರ ಮದುವೆಗಳಲ್ಲಿ ವಿಧಿಗೆ ಮುನ್ನ ವರನು ವಧುವಿನ ಮುಖವನ್ನು ನೋಡಿ, ತಾನೇ ಅವಳಿಗೆ ಮುಸುಕು ಹೊದಿಸುವ ‘ಬದೇಕೆನ್’ ಎಂಬ ಆಚರಣೆ ಇಂದಿಗೂ ಇದ್ದು, ಅದನ್ನು ಈ ಪ್ರಸಂಗದೊಂದಿಗೆ ಸಂಬಂಧ ಕಲ್ಪಿಸಿ ಹೇಳುವ ವಾಡಿಕೆಯಿದೆ.

ಬಿಳಿ ಬಣ್ಣ ಬಂದ ಬಗೆ

ಇಂದು ಸಾಂಪ್ರದಾಯಿಕವೆಂದು ಎಣಿಸಲ್ಪಡುವ ಬಿಳಿಯ ವೇಲ್ ಅಷ್ಟೊಂದು ಹಳೆಯದಲ್ಲ. 1840ರ ಫೆಬ್ರವರಿ 10ರಂದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ರಾಜಕುಮಾರ ಆಲ್ಬರ್ಟನನ್ನು ವಿವಾಹವಾದಾಗ ಬಿಳಿಯ ಸ್ಯಾಟಿನ್ ಉಡುಪು ತೊಟ್ಟು, ಹಾನಿಟನ್ ಲೇಸಿನ ಮುಸುಕನ್ನು ಕಿತ್ತಳೆ ಹೂವಿನ ದಂಡೆಯೊಂದಿಗೆ ಧರಿಸಿದ್ದಳು. ಯಂತ್ರದ ಲೇಸಿನಿಂದ ಕೆಲಸ ಕಳೆದುಕೊಳ್ಳುತ್ತಿದ್ದ ಡೆವನ್ ಪ್ರಾಂತ್ಯದ ಕೈಕಸಬಿನವರಿಗೆ ಆಸರೆಯಾಗಲೆಂಬ ಉದ್ದೇಶವೂ ಆ ಆಯ್ಕೆಯ ಹಿಂದಿತ್ತು. ಬಿಳಿಯುಡುಪಿನ ವಧುಗಳು ಅದಕ್ಕೂ ಮೊದಲು ಇದ್ದರಾದರೂ, ಆ ಮದುವೆಯ ಚಿತ್ರಗಳು ಎಲ್ಲೆಡೆ ಹರಡಿದ ನಂತರವೇ ಬಿಳಿ ಬಣ್ಣವು ಮದುವೆಯ ಬಣ್ಣವಾಗಿ ನೆಲೆಗೊಂಡಿತು. ಆ ಮದುವೆಯಲ್ಲಿ ವಿಕ್ಟೋರಿಯಾಳ ಮುಸುಕು ತಲೆಯ ಹಿಂಭಾಗದಿಂದ ಇಳಿಬಿದ್ದಿತ್ತು. ಅವಳ ಮುಖ ತೆರೆದೇ ಇತ್ತು.

ಶ್ರೀಮಂತರ ಸೊತ್ತಾಗಿದ್ದ ಮುಸುಕು ಜನಸಾಮಾನ್ಯರ ಕೈಗೆಟುಕಿದ್ದು ಯಂತ್ರದಿಂದ. ಜಾನ್ ಹೀತ್‌ಕೋಟ್ ಎಂಬ ಇಂಗ್ಲಿಷ್ ಶೋಧಕನು 1808-09ರ ಅವಧಿಯಲ್ಲಿ ಹಕ್ಕುಪತ್ರ ಪಡೆದ ಬಾಬಿನ್ ನೆಟ್ ಯಂತ್ರವು ಕೈಯಿಂದ ವಾರಗಟ್ಟಲೆ ಹೆಣೆಯಬೇಕಾಗಿದ್ದ ಜಾಲರಿಯನ್ನು ಗಜಗಟ್ಟಲೆ ನೇಯ್ದು ಕೊಟ್ಟಿತು. ಇದೇ ಬಗೆಯ ನಯವಾದ ಜಾಲರಿ ಬಟ್ಟೆಗೆ ಫ್ರಾನ್ಸಿನ ಟ್ಯೂಲ್ ಎಂಬ ಪಟ್ಟಣದ ಹೆಸರು ಅಂಟಿಕೊಂಡಿದೆ. ಎರಡನೆಯ ಮಹಾಯುದ್ಧದ ನಂತರ ನೈಲಾನ್ ಬಂದು ವೇಲಿನ ಬೆಲೆ ಇನ್ನಷ್ಟು ಇಳಿಯಿತು. ಇಂದು ಮಂಗಳೂರು ಅಥವಾ ಬೆಂಗಳೂರಿನ ಅಂಗಡಿಗಳಲ್ಲಿ ದೊರೆಯುವ ವೇಲುಗಳಲ್ಲಿ ಬಹುಪಾಲು ನೈಲಾನ್ ಅಥವಾ ಪಾಲಿಯೆಸ್ಟರ್ ನೆಟ್ಟಿನವು.

ಧರ್ಮಸಭೆಯ ನಿಯಮವೇನು?

ವೇಲ್ ಇಲ್ಲದಿದ್ದರೆ ಮದುವೆ ಪೂರ್ಣವಾಗದೆಂಬ ಭಾವನೆ ಹಲವರಲ್ಲಿದೆ. ಅದಕ್ಕೆ ಆಧಾರವಿಲ್ಲ. 1917ರಲ್ಲಿ ಘೋಷಿತವಾದ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯು ಸ್ತ್ರೀಯರು ದೇವಾಲಯದಲ್ಲಿ ತಲೆ ಮುಚ್ಚಿಕೊಂಡಿರಬೇಕೆಂದು ವಿಧಿಸಿತ್ತು. ಅದು ಎಲ್ಲ ಸ್ತ್ರೀಯರಿಗೂ ಅನ್ವಯಿಸುತ್ತಿದ್ದ ನಿಯಮ, ವಧುವಿಗೆಂದೇ ಮಾಡಿದ್ದಲ್ಲ. ಕೊರಿಂಥದವರಿಗೆ ಸಂತ ಪೌಲರು ಬರೆದ ಪತ್ರದಲ್ಲಿ ಇದರ ಮೂಲವಿದೆ. 1983ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಈ ನಿಯಮವನ್ನು ಉಳಿಸಿಕೊಳ್ಳಲಿಲ್ಲ.

ಲ್ಯಾಟಿನ್ ಪದ್ಧತಿಯ ವಿವಾಹ ವಿಧಿಯಲ್ಲಿ ವಧೂವರರ ಸಮ್ಮತಿ, ಧರ್ಮಗುರುಗಳು ಅದನ್ನು ಸ್ವೀಕರಿಸುವುದು, ಉಂಗುರಗಳ ಆಶೀರ್ವಾದ ಮತ್ತು ವಿನಿಮಯ, ದಂಪತಿಗಳ ಮೇಲಿನ ಆಶೀರ್ವಾದ ಇವು ಪ್ರಧಾನ. ಮುಸುಕು ಎತ್ತುವುದು ಎಂಬ ಕ್ರಮವೇ ಅದರಲ್ಲಿಲ್ಲ. ಆದ್ದರಿಂದ ವೇಲ್ ಧರಿಸುವುದೂ, ಧರಿಸದೆ ಇರುವುದೂ, ಮುಖದ ಮೇಲೆ ಇಳಿಬಿಡುವುದೂ, ಹಿಂದಕ್ಕೆ ಹಾಕುವುದೂ ರೂಢಿಗೆ ಮತ್ತು ವಧುವಿನ ಇಚ್ಛೆಗೆ ಬಿಟ್ಟ ವಿಷಯಗಳು. ಉಡುಪಿನ ಸಭ್ಯತೆಯ ಬಗ್ಗೆ ಆಯಾ ಧರ್ಮಕೇಂದ್ರಗಳು ಸೂಚನೆಗಳನ್ನು ನೀಡುವುದುಂಟು. ಅವನ್ನು ಮೊದಲೇ ಕೇಳಿ ತಿಳಿಯುವುದು ಒಳಿತು.

ವಿಧವೆಯರ ಮರುಮದುವೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಮರುಮದುವೆಯಾಗುವ ವಿಧವೆಯು ಮುಸುಕನ್ನೂ ಕಿತ್ತಳೆ ಹೂವಿನ ದಂಡೆಯನ್ನೂ ಧರಿಸಬಾರದೆಂಬ ಕಟ್ಟಳೆ 19ನೇ ಶತಮಾನದ ಇಂಗ್ಲಿಷ್ ಶಿಷ್ಟಾಚಾರದ ಕೈಪಿಡಿಗಳಿಂದ ಬಂದದ್ದು. ಧರ್ಮಸಭೆಯು ಅಂತಹ ನಿಷೇಧವನ್ನು ಹೇರಿಲ್ಲ. ಮರುಮದುವೆಗೆ ಧೈರ್ಯ ಮಾಡಿದ ಹೆಣ್ಣುಮಗಳನ್ನು ಒಂದು ಗಜ ನೆಟ್ಟಿನ ಕಾರಣಕ್ಕೆ ನೋಯಿಸುವುದು ಯಾವ ಸಂಪ್ರದಾಯಕ್ಕೂ ಶೋಭೆಯಲ್ಲ.

ಕರಾವಳಿಯ ಸಾಡೊ

ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಪಾಶ್ಚಾತ್ಯ ಶೈಲಿಯ ಬಿಳಿಯುಡುಪು ರೂಢಿಯಾಗುವ ಮುನ್ನ ವಧುಗಳು ಸೀರೆಯುಟ್ಟೇ ಮದುವೆಯಾಗುತ್ತಿದ್ದರು. ಆ ಪರಂಪರೆಯ ಉಳಿದ ಕೊಂಡಿಯೇ ‘ಸಾಡೊ’. ಇದು ವರನ ಕಡೆಯವರು ವಧುವಿಗೆ ಕೊಡುವ ಕೆಂಪು ಸೀರೆ. ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್, ಮರುದಿನ ದೇವಾಲಯದಲ್ಲಿ ಬಿಳಿಯ ಗೌನ್ ಮತ್ತು ವೇಲ್, ಔತಣಕೂಟದ ಉತ್ತರಾರ್ಧದಲ್ಲಿ ಸಾಡೊ ಎಂಬುದು ಇಂದು ಸಾಮಾನ್ಯವಾಗಿ ಕಂಡುಬರುವ ಕ್ರಮ. ಸುತ್ತಲಿನ ಸಮಾಜದಲ್ಲಿ ಬಿಳಿಯ ಸೀರೆಗೆ ವೈಧವ್ಯದ ನೆನಪು ಅಂಟಿಕೊಂಡಿರುವ ನಾಡಿನಲ್ಲಿ, ಒಂದೇ ದಿನದಲ್ಲಿ ಬಿಳಿಗೂ ಕೆಂಪಿಗೂ ಸ್ಥಾನ ಕೊಟ್ಟ ಈ ಹೊಂದಾಣಿಕೆ ಗಮನಾರ್ಹ.

ದೇವಾಲಯಕ್ಕೂ ಸೀರೆಯಲ್ಲಿಯೇ ಹೋಗಬಯಸುವ ವಧುಗಳು ಇದ್ದಾರೆ. ಅಂಥವರು ಸೀರೆಯ ಮೇಲೆ ಮೊಣಕೈವರೆಗಿನ ಸರಳವಾದ ವೇಲನ್ನು ಧರಿಸಬಹುದು. ಅದೂ ಬೇಡವೆಂದಾದರೆ ಸೆರಗನ್ನೇ ತಲೆಯ ಮೇಲೆ ಹೊದ್ದುಕೊಳ್ಳಬಹುದು. ಉತ್ತರ ಕರ್ನಾಟಕದಲ್ಲಿ ಹಿರಿಯರ ಮುಂದೆಯೂ ದೇವರ ಮುಂದೆಯೂ ತಲೆಯ ಮೇಲೆ ಸೆರಗು ಹಾಕಿಕೊಳ್ಳುವ ಮರ್ಯಾದೆ ತಲೆಮಾರುಗಳಿಂದ ಇರುವಂಥದ್ದು.

ಮಂತ್ರಕೋಡಿ

ಕೇರಳ ಮೂಲದ ಸುರಿಯಾನಿ ಕ್ರೈಸ್ತರಲ್ಲಿ ಮಾತ್ರ ವಧುವಿಗೆ ವಸ್ತ್ರ ಹೊದಿಸುವುದು ವಿವಾಹ ವಿಧಿಯ ಅಂಗವೇ ಆಗಿದೆ. ಮಲೆನಾಡು ಮತ್ತು ದಕ್ಷಿಣ ಕನ್ನಡದ ರಬ್ಬರ್ ತೋಟಗಳ ಪ್ರದೇಶದಲ್ಲಿಯೂ ಬೆಂಗಳೂರಿನಲ್ಲಿಯೂ ಈ ಸಮುದಾಯ ನೆಲೆಸಿದ್ದು, ಸಿರೊ ಮಲಬಾರ್ ಸಭೆಯ ಬೆಳ್ತಂಗಡಿ ಧರ್ಮಪ್ರಾಂತ್ಯವು 1999ರಲ್ಲಿ ಸ್ಥಾಪನೆಯಾಯಿತು.

ಮಲಯಾಳದಲ್ಲಿ ‘ಕೋಡಿ’ ಎಂದರೆ ಹೊಸ ಬಟ್ಟೆ. ವರನ ಕಡೆಯಿಂದ ಬರುವ ರೇಷ್ಮೆ ಸೀರೆಯನ್ನು ಧರ್ಮಗುರುಗಳು ಆಶೀರ್ವದಿಸುತ್ತಾರೆ. ಮಿನ್ನು ಎಂಬ ಪುಟ್ಟ ತಾಳಿಯನ್ನು ಕಟ್ಟಿದ ನಂತರ ವರನು ಆ ಸೀರೆಯನ್ನು ವಧುವಿನ ತಲೆಯ ಮೇಲೆ ಹೊದಿಸುತ್ತಾನೆ. ಮಿನ್ನನ್ನು ಪೋಣಿಸುವ ದಾರವನ್ನು ಇದೇ ಮಂತ್ರಕೋಡಿಯಿಂದ ತೆಗೆದ ಏಳು ಎಳೆಗಳನ್ನು ಹೊಸೆದು ಮಾಡುವುದು ಸಂಪ್ರದಾಯ. ವಿಧಿ ಮುಗಿದ ಮೇಲೆ ವಧುವು ಮಂತ್ರಕೋಡಿಯನ್ನು ಉಟ್ಟು ಅತಿಥಿಗಳ ಮುಂದೆ ಬರುತ್ತಾಳೆ.

ಇತ್ತೀಚಿನ ದಶಕಗಳಲ್ಲಿ ಈ ವಧುಗಳೂ ಬಿಳಿಯ ಗೌನ್ ಮತ್ತು ವೇಲ್ ಧರಿಸುವುದರಿಂದ ಒಂದು ಪ್ರಾಯೋಗಿಕ ತೊಡಕು ಎದುರಾಗುತ್ತದೆ. ಎತ್ತರದ ಕಿರೀಟ ಮತ್ತು ಉಬ್ಬಿದ ನೆಟ್ಟಿನ ಮೇಲೆ ಜರಿಯ ಭಾರವುಳ್ಳ ಸೀರೆ ನಿಲ್ಲದೆ ಜಾರುತ್ತದೆ. ಆದ್ದರಿಂದ ಮಂತ್ರಕೋಡಿ ಹೊದೆಯಲಿರುವ ವಧುವು ತಲೆಗೆ ಒತ್ತಿ ಕೂರುವ, ಒಂದೇ ಪದರದ ವೇಲನ್ನು ಆರಿಸುವುದು ಸೂಕ್ತ. ಸೀರೆಯನ್ನು ಮೊದಲೇ ಉದ್ದಕ್ಕೆ ಮಡಿಸಿ, ತಲೆಯ ಮೇಲೆ ಬರಬೇಕಾದ ಭಾಗಕ್ಕೆ ಗುರುತಿಟ್ಟು ಕೊಟ್ಟರೆ ವರನಿಗೂ ಗಲಿಬಿಲಿಯಾಗದು. ಹಿಂದೆ ನಿಂತ ಗೆಳತಿಯೊಬ್ಬಳು ಎರಡೂ ಅಂಚುಗಳನ್ನು ಹಿಡಿದು ಸರಿಪಡಿಸಬೇಕು.

ಪ್ರಮುಖ ಪ್ರಕಾರಗಳು

ಆಕಾರವನ್ನು ಅನುಸರಿಸಿ ವೇಲುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬಹುದು.

ನೆರಿಗೆಯ ವೇಲ್: ನೆಟ್ಟಿನ ಒಂದು ಅಂಚನ್ನು ನೆರಿಗೆ ಹಿಡಿದು ಸಣ್ಣ ಬಾಚಣಿಗೆಗೆ ಹೊಲಿದಿರುತ್ತಾರೆ. ಒಂದು ಅಥವಾ ಎರಡು ಪದರವಿರಬಹುದು. ಎರಡನೆಯ ಪದರವನ್ನು ಮುಖದ ಮೇಲೆ ಇಳಿಬಿಡಲು ಸಾಧ್ಯ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ.

ಮಂಟಿಲ್ಲಾ: ಇದು ಸ್ಪೇನ್ ದೇಶದ ಕೊಡುಗೆ. ನೆರಿಗೆಯಿಲ್ಲದೆ ತಲೆಯ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುವ, ಅಂಚಿನುದ್ದಕ್ಕೂ ಲೇಸಿರುವ ವಸ್ತ್ರ. ಸ್ಪೇನಿನಲ್ಲಿ ‘ಪೆಯಿನೆಟಾ’ ಎಂಬ ಎತ್ತರದ ಬಾಚಣಿಗೆಯ ಮೇಲೆ ಇದನ್ನು ಧರಿಸುತ್ತಾರೆ. ಪವಿತ್ರ ಗುರುವಾರದಂದು ಕಪ್ಪು ಮಂಟಿಲ್ಲಾ ಧರಿಸುವ ವಾಡಿಕೆ ಅಲ್ಲಿದೆ; ವಧುವಿನದು ಬಿಳಿ ಅಥವಾ ಕೆನೆಬಣ್ಣದ್ದು. ಲೇಸಿನ ಅಂಚು ಮುಖಕ್ಕೆ ಚೌಕಟ್ಟಿನಂತೆ ಕಾಣುವುದರಿಂದ ಇದರೊಂದಿಗೆ ಭಾರಿ ಕಿವಿಯೋಲೆ, ಕಿರೀಟಗಳು ಹೊಂದುವುದಿಲ್ಲ.

ಟೋಪಿ ವೇಲ್: ತಲೆಯ ಮೇಲೆ ಬಿಗಿಯಾಗಿ ಕೂರುವ ಸಣ್ಣ ಲೇಸಿನ ಟೋಪಿಗೆ ನೆಟ್ಟನ್ನು ಹೊಲಿದಿರುತ್ತದೆ. 1956ರಲ್ಲಿ ಮೊನಾಕೊದ ರಾಜಕುಮಾರನನ್ನು ವರಿಸಿದ ನಟಿ ಗ್ರೇಸ್ ಕೆಲ್ಲಿ ಧರಿಸಿದ್ದು ಇಂಥದ್ದನ್ನೇ. ಆ ಉಡುಪು ಈಗ ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ.

ಉದ್ದದ ಲೆಕ್ಕ

ವೇಲಿನ ಉದ್ದವನ್ನು ಬಾಚಣಿಗೆ ಕೂರುವ ಸ್ಥಳದಿಂದ ಕೆಳಗಿನ ಅಂಚಿನವರೆಗೆ ಅಳೆಯುತ್ತಾರೆ. ವಧುವಿನ ಎತ್ತರವನ್ನು ಅವಲಂಬಿಸಿ ವ್ಯತ್ಯಾಸವಾಗುವುದಾದರೂ ಸ್ಥೂಲವಾದ ಅಳತೆಗಳು ಹೀಗಿವೆ:

- ಮುಖದ ಮೇಲೆ ಇಳಿಬಿಡುವ ಪದರ: ಸುಮಾರು 30 ಅಂಗುಲ
- ಮೊಣಕೈವರೆಗೆ: 25ರಿಂದ 32 ಅಂಗುಲ
- ಬೆರಳ ತುದಿಯವರೆಗೆ: 36ರಿಂದ 45 ಅಂಗುಲ
- ಮೊಣಕಾಲು ದಾಟಿ ಪಾದಕ್ಕಿಂತ ಮೇಲೆ: ಸುಮಾರು 60 ಅಂಗುಲ
- ನೆಲ ಮುಟ್ಟುವಷ್ಟು: ಸುಮಾರು 72 ಅಂಗುಲ
- ನೆಲದ ಮೇಲೆ ಸ್ವಲ್ಪ ಹರಿಯುವಷ್ಟು: ಸುಮಾರು 90 ಅಂಗುಲ
- ಉದ್ದನೆಯ ಕೆಥೆಡ್ರಲ್ ವೇಲ್: 108ರಿಂದ 120 ಅಂಗುಲ

ಇದಕ್ಕಿಂತ ಉದ್ದನೆಯವು ಖ್ಯಾತನಾಮರ ಮದುವೆಗಳಲ್ಲಿ ಕಂಡುಬಂದಿವೆ. 2018ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿಯನ್ನು ವರಿಸಿದ ಮೇಗನ್ ಮಾರ್ಕಲ್ ಅವರ ಮುಸುಕು ಐದು ಮೀಟರ್ ಉದ್ದವಿತ್ತು. ಅದರ ಅಂಚಿನಲ್ಲಿ ಕಾಮನ್‌ವೆಲ್ತ್‌ನ 53 ರಾಷ್ಟ್ರಗಳ ಪುಷ್ಪಗಳನ್ನು ಕಸೂತಿ ಮಾಡಲಾಗಿತ್ತು. ಭಾರತವನ್ನು ಪ್ರತಿನಿಧಿಸಿದ್ದು ಕಮಲ. ಅದೇ ವರ್ಷದ ಡಿಸೆಂಬರಿನಲ್ಲಿ ಜೋಧಪುರದಲ್ಲಿ ನಡೆದ ಕ್ರೈಸ್ತ ವಿಧಿಯ ಮದುವೆಯಲ್ಲಿ ನಟಿ ಪ್ರಿಯಾಂಕಾ ಚೋಪ್ರಾ ಧರಿಸಿದ ವೇಲಿನ ಉದ್ದ 75 ಅಡಿ. ಅರಮನೆಯ ಅಂಗಳಕ್ಕೆ ಒಪ್ಪುವ ಇಂತಹ ಅಳತೆಗಳು ಹಳ್ಳಿಯ ಇಕ್ಕಟ್ಟಾದ ದೇವಾಲಯಕ್ಕೆ ಒಪ್ಪುವುದಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಆಯ್ಕೆಯಲ್ಲಿ ಗಮನಿಸಬೇಕಾದವು

ಮೊದಲು ಉಡುಪು, ಅನಂತರ ವೇಲ್ ಎಂಬುದು ಸರಿಯಾದ ಅನುಕ್ರಮ. ಆದರೆ ಮನೆಯಲ್ಲಿ ತಾಯಿಯ ಅಥವಾ ಅಜ್ಜಿಯ ಹಳೆಯ ವೇಲ್ ಇದ್ದು ಅದನ್ನೇ ಧರಿಸುವ ಮನಸ್ಸಿದ್ದರೆ ಅನುಕ್ರಮ ತಿರುವುಮುರುವಾಗಬೇಕು. ಹಳೆಯ ನೆಟ್ ಕಾಲಕ್ರಮದಲ್ಲಿ ಹಳದಿ ಛಾಯೆಗೆ ತಿರುಗಿರುತ್ತದೆ. ಅಚ್ಚ ಬಿಳಿಯ ಗೌನಿನ ಪಕ್ಕದಲ್ಲಿ ಅದು ಮಾಸಿದಂತೆ ಕಾಣುತ್ತದೆ. ಕೆನೆಬಿಳಿಯ ಉಡುಪಿನೊಂದಿಗೆ ಅದೇ ವೇಲ್ ಸೊಗಸಾಗಿ ಬೆರೆಯುತ್ತದೆ. ಬಣ್ಣಗಳನ್ನು ಅಂಗಡಿಯ ದೀಪದ ಕೆಳಗೆ ನೋಡಿ ನಿರ್ಧರಿಸದೆ, ಎರಡೂ ಬಟ್ಟೆಗಳನ್ನು ಹಗಲು ಬೆಳಕಿನಲ್ಲಿ ಒಟ್ಟಿಗೆ ಹಿಡಿದು ನೋಡಬೇಕು.

ಉಡುಪಿನಲ್ಲಿ ಮಣಿ, ಕಸೂತಿ, ಲೇಸ್ ಹೆಚ್ಚಾಗಿದ್ದರೆ ವೇಲ್ ಸರಳವಾಗಿರಲಿ. ಉಡುಪು ಸರಳವಾಗಿದ್ದರೆ ವೇಲಿನ ಅಂಚಿಗೆ ಲೇಸ್ ಇರಬಹುದು. ಅಂಚಿಗೆ ಸ್ಯಾಟಿನ್ ಪಟ್ಟಿ ಹೊಲಿದ ವೇಲ್ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಅಡ್ಡಗೆರೆ ಎಳೆದಂತೆ ಕಾಣುವುದರಿಂದ ಆ ಗೆರೆ ಸೊಂಟದ ಅಗಲವಾದ ಭಾಗದಲ್ಲಿ ಬೀಳದಂತೆ ಉದ್ದವನ್ನು ಹೊಂದಿಸಬೇಕು. ಗಿಡ್ಡನೆಯ ವಧುವಿಗೆ ಅಂಚುಪಟ್ಟಿಯಿಲ್ಲದ, ತೆಳುವಾದ ವೇಲ್ ಒಪ್ಪುತ್ತದೆ.

ಬಟ್ಟೆಯ ವಿಷಯದಲ್ಲಿ ನೈಲಾನ್ ನೆಟ್ ಅಗ್ಗ, ಹಗುರ ಮತ್ತು ಉಬ್ಬಿ ನಿಲ್ಲುವಂಥದ್ದು. ರೇಷ್ಮೆಯ ಟ್ಯೂಲ್ ಮೃದುವಾಗಿ ಇಳಿಬೀಳುತ್ತದೆ. ಬೆಲೆ ಹೆಚ್ಚು, ಉಗುರು ತಗುಲಿದರೂ ಹರಿಯುವಷ್ಟು ನಾಜೂಕು. ಕೈಯಿಂದ ಮಾಡಿದ ಲೇಸ್ ಬೇಕೆನ್ನುವವರು ವಿದೇಶದತ್ತ ನೋಡಬೇಕಾಗಿಲ್ಲ. ಆಂಧ್ರಪ್ರದೇಶದ ನರಸಾಪುರದ ಕ್ರೋಷಾ ಲೇಸ್ ಮತ್ತು ಕನ್ಯಾಕುಮಾರಿ ಜಿಲ್ಲೆಯ ಲೇಸ್ ಕೆಲಸ ಎರಡೂ 19ನೇ ಶತಮಾನದಲ್ಲಿ ಮಿಷನರಿ ಕುಟುಂಬಗಳ ಹೆಂಗಸರು ಸ್ಥಳೀಯ ಸ್ತ್ರೀಯರಿಗೆ ಕಲಿಸಿದ ಕಸುಬಿನಿಂದ ಬೆಳೆದು ಬಂದವು.

ಮದುವೆಯ ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಎರಡು ಪದರದ ನೈಲಾನ್ ನೆಟ್ ಕುತ್ತಿಗೆಗೆ ಅಂಟಿಕೊಂಡು ಬೆವರಿಳಿಸುತ್ತದೆ. ದೇವಾಲಯದಲ್ಲಿ ದೊಡ್ಡ ಫ್ಯಾನುಗಳಿದ್ದರೆ ಹಗುರವಾದ ಉದ್ದನೆಯ ವೇಲ್ ಹಾರಾಡುತ್ತದೆ. ಅಂಚಿನಲ್ಲಿ ಸ್ವಲ್ಪ ಲೇಸಿನ ಭಾರವಿದ್ದರೆ ಈ ತೊಂದರೆ ಕಡಿಮೆ.

ಹೊಸದಾಗಿ ಕೊಳ್ಳುವುದು ಕಡ್ಡಾಯವೇನೂ ಅಲ್ಲ. ಅಕ್ಕನ ಅಥವಾ ಗೆಳತಿಯ ವೇಲನ್ನು ಎರವಲು ಪಡೆಯುವುದು ಎಲ್ಲೆಡೆ ಇರುವ ಪದ್ಧತಿ. 1953ರಲ್ಲಿ ಜಾನ್ ಕೆನಡಿಯವರನ್ನು ಮದುವೆಯಾದ ಜಾಕ್ವೆಲಿನ್ ಧರಿಸಿದ್ದು ತನ್ನ ಅಜ್ಜಿಯ ಲೇಸ್ ಮುಸುಕನ್ನು.

ಧರಿಸುವ ಕ್ರಮ

ವೇಲ್ ಜಾರುವುದಕ್ಕೆ ಮುಖ್ಯ ಕಾರಣ ಬಾಚಣಿಗೆಗೆ ಆಧಾರವಿಲ್ಲದಿರುವುದು. ಈಗ ತಾನೆ ತೊಳೆದ ನುಣುಪಾದ ಕೂದಲಿನಲ್ಲಿ ಯಾವ ಬಾಚಣಿಗೆಯೂ ನಿಲ್ಲದು. ಆದ್ದರಿಂದ ತಲೆಸ್ನಾನವನ್ನು ಹಿಂದಿನ ದಿನವೇ ಮುಗಿಸುವುದು ಮೇಲು. ರೋಸ್ ಆಚರಣೆಯಲ್ಲಿ ಎಣ್ಣೆ ಮತ್ತು ತೆಂಗಿನ ಹಾಲು ತಲೆಗೆ ಬೀಳುವುದರಿಂದ ಮಂಗಳೂರಿನ ವಧುಗಳು ಅಂದು ರಾತ್ರಿಯೇ ಕೂದಲನ್ನು ಚೆನ್ನಾಗಿ ತೊಳೆದು ಒಣಗಿಸಿಕೊಳ್ಳಬೇಕಾಗುತ್ತದೆ.

1. ಬಾಚಣಿಗೆ ಕೂರುವ ಕಡೆ ಕೂದಲನ್ನು ಬೇರಿನತ್ತ ಹಿಮ್ಮುಖವಾಗಿ ಬಾಚಿ ಸ್ವಲ್ಪ ಸಿಕ್ಕಾಗಿಸಬೇಕು. ಅಡಿಯಲ್ಲಿ ಎರಡು ಹೇರ್‌ಪಿನ್‌ಗಳನ್ನು ಗುಣಾಕಾರದ ಚಿಹ್ನೆಯಂತೆ ಚುಚ್ಚಿದರೆ ಹಲ್ಲುಗಳಿಗೆ ಹಿಡಿತ ಸಿಗುತ್ತದೆ.

2. ಬಾಚಣಿಗೆಯ ಹಲ್ಲುಗಳನ್ನು ಮೊದಲು ಮುಖದ ದಿಕ್ಕಿಗೆ ಸಿಕ್ಕಿಸಿ, ಅನಂತರ ಹಿಂದಕ್ಕೆ ಮಗುಚಿ ಒತ್ತಬೇಕು. ನೇರವಾಗಿ ತುರುಕಿದ ಬಾಚಣಿಗೆ ವೇಲಿನ ಭಾರಕ್ಕೆ ಸಡಿಲವಾಗುತ್ತದೆ.

3. ಎರಡೂ ಬದಿಗಳಲ್ಲಿ ಒಂದೊಂದು ಪಿನ್ ಹಾಕಬೇಕು. ಬಾಚಣಿಗೆಯ ತುದಿಗಳಿಗೆ ದಾರದ ಸಣ್ಣ ಕುಣಿಕೆಗಳನ್ನು ಹೊಲಿದಿದ್ದರೆ ಪಿನ್ನುಗಳು ನೆಟ್ಟನ್ನು ಹರಿಯುವುದಿಲ್ಲ.

4. ತುರುಬು ಕಟ್ಟಿದ್ದರೆ ವೇಲನ್ನು ತುರುಬಿನ ಮೇಲೆ ಅಥವಾ ಕೆಳಗೆ ಕೂರಿಸಬಹುದು. ಮುಖದ ಮೇಲೆ ಪದರ ಬರಬೇಕಾದರೆ ತುರುಬಿನ ಮೇಲೆಯೇ ಆಗಬೇಕು.

5. ಕಿರೀಟವಿದ್ದರೆ ಅದನ್ನು ಮೊದಲು ಭದ್ರಪಡಿಸಿ, ವೇಲನ್ನು ಅದರ ಹಿಂದೆ ಪ್ರತ್ಯೇಕವಾಗಿ ಸಿಕ್ಕಿಸಬೇಕು. ಒಂದಕ್ಕೊಂದು ಕಟ್ಟಿದರೆ ಒಂದು ಜಾರಿದಾಗ ಎರಡೂ ಬೀಳುತ್ತವೆ.

ತಲೆಗೆ ಮಲ್ಲಿಗೆ ಮುಡಿಯುವವರು ನೀರು ಚಿಮುಕಿಸಿದ ದಂಡೆಯನ್ನು ನೆಟ್ಟಿನ ಮೇಲೆ ನೇರವಾಗಿ ಇಡಬಾರದು. ಶಂಕರಪುರ ಮಲ್ಲಿಗೆಯಂತಹ ನಾಜೂಕಿನ ಹೂವು ಬಾಡುತ್ತಾ ಬಂದಂತೆ ಕಂದು ಕಲೆ ಬಿಡುತ್ತದೆ. ವೇಲಿನ ಅಡಿಯಲ್ಲಿ, ತುರುಬಿನ ಸುತ್ತ ಮುಡಿದರೆ ಹೂವೂ ಕಾಣುತ್ತದೆ, ಬಟ್ಟೆಯೂ ಉಳಿಯುತ್ತದೆ.

ಮದುವೆಗೆ ಒಂದು ವಾರ ಮುಂಚೆ, ಅಂದು ಹಾಕುವ ಎತ್ತರದ ಚಪ್ಪಲಿಯನ್ನೇ ಹಾಕಿಕೊಂಡು ಪೂರ್ಣ ಅಲಂಕಾರದಲ್ಲಿ ನಡೆದು, ಮಂಡಿಯೂರಿ, ಎದ್ದು ನೋಡುವುದು ಅತ್ಯಗತ್ಯ. ವೇಲಿನ ತುದಿಯ ಮೇಲೆ ತಾನೇ ಮಂಡಿಯೂರಿ, ಏಳುವಾಗ ತಲೆ ಹಿಂದಕ್ಕೆ ಎಳೆದಂತಾಗುವುದು ದೇವಾಲಯಗಳಲ್ಲಿ ಪದೇ ಪದೇ ಕಾಣುವ ದೃಶ್ಯ. ಮಂಡಿಯೂರುವ ಮುನ್ನ ತುದಿಯನ್ನು ಹಿಂದಕ್ಕೆ ಹರಡುವ ಕೆಲಸವನ್ನು ಒಬ್ಬಳೇ ಗೆಳತಿಗೆ ವಹಿಸಬೇಕು. ಸೂಜಿ, ಬಿಳಿ ದಾರ, ಹೆಚ್ಚಿನ ಪಿನ್ನುಗಳು ಅವಳ ಚೀಲದಲ್ಲಿರಲಿ. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಗೆ ಹೊರಡುವ ಬೆಳಗ್ಗೆ, ಮುಸುಕನ್ನು ಹಿಡಿದಿಡಬೇಕಿದ್ದ ಕಿರೀಟವೇ ಮುರಿದು, ಆಭರಣಕಾರನು ತುರ್ತಾಗಿ ದುರಸ್ತಿ ಮಾಡಿಕೊಡಬೇಕಾಯಿತು.

ಬೆಂಕಿ ಮತ್ತು ಚಕ್ರ: ಎಚ್ಚರಿಕೆ

ವೇಲಿನ ವಿಷಯದಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವ ಅಂಶ ಬೆಂಕಿಯ ಅಪಾಯ. ತೆಳುವಾದ ಜಾಲರಿ ಬಟ್ಟೆಯ ಎಳೆಎಳೆಗೂ ಗಾಳಿ ತಾಗುವುದರಿಂದ ಅದು ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುತ್ತದೆ. ನೈಲಾನ್ ಮತ್ತು ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಗಾಯ ಆಳವಾಗುತ್ತದೆ. ಕೂದಲಿಗೆ ಹೊಡೆಯುವ ಸ್ಪ್ರೇಗಳು ಸುಲಭವಾಗಿ ಉರಿಯುವಂಥವು. ಅವುಗಳ ಅಂಶ ನೆಟ್ಟಿಗೂ ತಗುಲಿರುತ್ತದೆ.

ದಂಪತಿಗಳು ಮೇಣದಬತ್ತಿ ಬೆಳಗಿಸುವ ಕ್ರಮವಿದ್ದರೆ ಮುಖದ ಪದರವನ್ನು ಸಂಪೂರ್ಣ ಹಿಂದಕ್ಕೆ ಹಾಕಿ, ಇಕ್ಕೆಲದ ಅಂಚುಗಳನ್ನು ಗೆಳತಿ ಹಿಡಿದಿರಬೇಕು. ಮೇಣದಬತ್ತಿಯ ಮುಂದೆ ಬಾಗಬಾರದು. ಉದ್ದನೆಯ ಕಡ್ಡಿಯಿಂದ ಹಚ್ಚುವುದು ಸುರಕ್ಷಿತ. ಔತಣಕೂಟದಲ್ಲಿ ದೀಪ ಬೆಳಗಿಸುವ ಮುನ್ನ, ಕೇಕ್ ಕತ್ತರಿಸುವ ಮುನ್ನ, ಸಭಾಂಗಣಗಳಲ್ಲಿ ಈಗ ಸಾಮಾನ್ಯವಾಗಿರುವ ಕಿಡಿಬಾಣಗಳನ್ನು ಹಚ್ಚುವ ಮುನ್ನ ವೇಲನ್ನು ತೆಗೆದಿಡುವುದೇ ಸರಿ. ಬಾಚಣಿಗೆಯನ್ನು ಭದ್ರಪಡಿಸುವಾಗಲೂ, ಆಪತ್ತಿನಲ್ಲಿ ಬೇಗನೆ ಕೀಳಲು ಬರುವಂತೆ ಪಿನ್ನುಗಳನ್ನು ಮಿತವಾಗಿ ಬಳಸಬೇಕು. ಸುಟ್ಟ ಗಾಯವಾದರೆ ಮನೆಮದ್ದು ಹಚ್ಚದೆ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆದು ಕೀಳಬಾರದು.

ವಾಹನಗಳದ್ದು ಎರಡನೆಯ ಅಪಾಯ. ಖ್ಯಾತ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ, ತನ್ನ ಉದ್ದನೆಯ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು ಮೃತಪಟ್ಟಳು. ಛಾಯಾಚಿತ್ರಕ್ಕೆಂದು ತೆರೆದ ಜೀಪಿನಲ್ಲಿಯೋ ಬೈಕಿನಲ್ಲಿಯೋ ಸಾಗುವ ನವದಂಪತಿಗಳು ಇದನ್ನು ಮರೆಯಬಾರದು. ಕಾರಿನಲ್ಲಿ ಕುಳಿತ ನಂತರ ವೇಲಿನ ತುದಿಯನ್ನು ಮಡಿಲಿಗೆ ಎಳೆದುಕೊಂಡ ಮೇಲೆಯೇ ಬಾಗಿಲು ಹಾಕಬೇಕು.

ಮುಸುಕು ಎತ್ತುವ ಗಳಿಗೆ

ಮುಖದ ಮೇಲೆ ಪದರ ಇಳಿಬಿಟ್ಟಿದ್ದರೆ ಅದನ್ನು ಯಾವಾಗ, ಯಾರು ಎತ್ತಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಲೇಸು. ತಂದೆಯು ಬಲಿಪೀಠದ ಮುಂದೆ ಮಗಳ ಮುಸುಕನ್ನು ಎತ್ತಿ, ಹಣೆಗೆ ಮುತ್ತಿಟ್ಟು ವರನಿಗೆ ಒಪ್ಪಿಸುವುದು ಒಂದು ರೂಢಿ. ಮದುವೆ ಘೋಷಣೆಯಾದ ನಂತರ ವರನೇ ಎತ್ತುವುದು ಇನ್ನೊಂದು. ತಂದೆಯಿಲ್ಲದ ಮನೆಗಳಲ್ಲಿ ತಾಯಿ, ಸೋದರಮಾವ ಅಥವಾ ಅಣ್ಣ ಎತ್ತುವುದುಂಟು. ಹೆಣ್ಣನ್ನು ವಸ್ತುವಿನಂತೆ ಒಬ್ಬರಿಂದ ಇನ್ನೊಬ್ಬರಿಗೆ ಹಸ್ತಾಂತರಿಸುವ ಅರ್ಥ ಇದರಲ್ಲಿದೆಯೆಂದು ಆಕ್ಷೇಪಿಸುವ ವಧುಗಳು ತಮ್ಮ ಮುಸುಕನ್ನು ತಾವೇ ಎತ್ತಿಕೊಳ್ಳುತ್ತಾರೆ, ಅಥವಾ ಮುಖ ಮುಚ್ಚುವುದೇ ಇಲ್ಲ. ವಿಧಿಯಲ್ಲಿ ಇದಾವುದನ್ನೂ ಹೇಳಿಲ್ಲವಾದ್ದರಿಂದ ಎಲ್ಲವೂ ಸಮಾನವಾಗಿ ಸರಿ.

ಒಂದು ಪ್ರಾಯೋಗಿಕ ಸಲಹೆಯನ್ನು ಇಲ್ಲಿ ಸೇರಿಸಬಹುದು. ವಿವಾಹದ ತಿರುಳಿರುವುದು ವಧೂವರರ ಸಮ್ಮತಿಯಲ್ಲಿ. ಆ ಮಾತುಗಳನ್ನು ನುಡಿಯುವ ಹೊತ್ತಿಗೆ ವಧುವಿನ ಮುಖ ತೆರೆದಿದ್ದರೆ ಅವಳ ದನಿಯೂ ಭಾವವೂ ನೆರೆದವರಿಗೆ ಸ್ಪಷ್ಟವಾಗುತ್ತವೆ.

ಹಳೆಯ ವೇಲಿನ ಸಂರಕ್ಷಣೆ

ಮದುವೆಯ ಮರುದಿನ ವೇಲನ್ನು ಹಾಗೆಯೇ ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಪಾಟಿನ ಮೇಲಿಡುವುದು ಸಾಮಾನ್ಯ. ಬೆವರು, ಸುಗಂಧ ದ್ರವ್ಯ, ವೈನ್ ಮತ್ತು ಕೇಕಿನ ಸಕ್ಕರೆ ಅಂದು ಕಣ್ಣಿಗೆ ಕಾಣದಿದ್ದರೂ ಕೆಲವು ವರ್ಷಗಳಲ್ಲಿ ಹಳದಿ ಕಲೆಗಳಾಗಿ ಹೊರಬೀಳುತ್ತವೆ. ಕರಾವಳಿಯ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುವುದು ಇನ್ನೊಂದು ತೊಂದರೆ.

ನೈಲಾನ್ ನೆಟ್ಟನ್ನು ಸೌಮ್ಯವಾದ ಸಾಬೂನಿನ ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಬಿಳಿ ಟವೆಲಿನ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬಹುದು. ರೇಷ್ಮೆ ಮತ್ತು ಹಳೆಯ ಲೇಸನ್ನು ಅನುಭವಿಗಳ ಕೈಗೆ ಒಪ್ಪಿಸುವುದೇ ಕ್ಷೇಮ. ಇಸ್ತ್ರಿ ಪೆಟ್ಟಿಗೆ ನೆಟ್ಟಿಗೆ ನೇರವಾಗಿ ತಾಗಬಾರದು. ಮೇಲೊಂದು ಹತ್ತಿ ಬಟ್ಟೆ ಹಾಕಿ ಕನಿಷ್ಠ ಶಾಖದಲ್ಲಿ ಸವರಬೇಕು.

ತೆಗೆದಿಡುವಾಗ ಲೋಹದ ಬಾಚಣಿಗೆಯನ್ನು ಬಿಚ್ಚಬೇಕು. ಇಲ್ಲದಿದ್ದರೆ ಅದರ ತುಕ್ಕು ಬಟ್ಟೆಯನ್ನು ತಿನ್ನುತ್ತದೆ. ವೇಲನ್ನು ಮಡಿಸುವುದಕ್ಕಿಂತ, ತೊಳೆದ ಬಿಳಿ ಮಲ್ ಬಟ್ಟೆಯೊಂದಿಗೆ ಸುರುಳಿ ಸುತ್ತಿಡುವುದು ಉತ್ತಮ. ನುಸಿಗುಳಿಗೆಗಳು ಬಟ್ಟೆಗೆ ತಾಗಬಾರದು. ಪ್ರತಿವರ್ಷ ಮಳೆಗಾಲ ಕಳೆದ ಮೇಲೆ ಹೊರತೆಗೆದು, ಬಿಸಿಲಿಗೆ ಒಡ್ಡದೆ ಗಾಳಿಯಾಡಿಸಿ, ಬೇರೆ ದಿಕ್ಕಿನಲ್ಲಿ ಸುತ್ತಿಡಬೇಕು.

ಹಳೆಯ ವೇಲ್ ಅಲ್ಲಲ್ಲಿ ಹರಿದಿದ್ದರೆ ಕತ್ತರಿಸಿ ಬಿಸಾಡಬೇಕಾಗಿಲ್ಲ. ಗಟ್ಟಿಯಾಗಿರುವ ಲೇಸಿನ ಅಂಚನ್ನು ಬಿಡಿಸಿ ಹೊಸ ನೆಟ್ಟಿಗೆ ಕೈಹೊಲಿಗೆಯಿಂದ ಕೂರಿಸಬಹುದು. ಅಷ್ಟೂ ಉಳಿದಿಲ್ಲವಾದರೆ ಒಂದು ತುಂಡನ್ನು ಹೂಗುಚ್ಛದ ಹಿಡಿಕೆಗೆ ಸುತ್ತಬಹುದು. ಮಗುವಿನ ದೀಕ್ಷಾಸ್ನಾನದ ಅಂಗಿಗೆ ತಾಯಿಯ ವೇಲಿನ ಲೇಸನ್ನು ಬಳಸುವ ಕುಟುಂಬಗಳೂ ಇವೆ. ರಾಣಿ ವಿಕ್ಟೋರಿಯಾ ತನ್ನ ಮದುವೆಯ ಮುಸುಕನ್ನು ಜೀವಮಾನವಿಡೀ ಜೋಪಾನವಾಗಿಟ್ಟುಕೊಂಡಿದ್ದು, 1901ರಲ್ಲಿ ಅವಳನ್ನು ಸಮಾಧಿ ಮಾಡಿದಾಗ ಅದೂ ಅವಳೊಂದಿಗೆ ಹೋಯಿತು.

ಬಿಳಿಯ ವೇಲ್, ಕೆಂಪು ಸಾಡೊ, ಜರಿಯ ಮಂತ್ರಕೋಡಿ, ತಲೆಯ ಮೇಲಿನ ಸೆರಗು ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಅದು ಸಂಪ್ರದಾಯಕ್ಕೆ ಹೊರತಾಗದು. ಅಳತೆ, ಬಣ್ಣ, ಭದ್ರತೆಗಳ ಬಗ್ಗೆ ಹಿರಿಯರೂ ಅಂಗಡಿಯವರೂ ಸಲಹೆ ನೀಡಬಹುದು. ಧರಿಸಬೇಕೇ ಬೇಡವೇ ಎಂಬ ನಿರ್ಧಾರವನ್ನು ವಧುವಿಗೇ ಬಿಟ್ಟುಕೊಡುವುದು ಉಚಿತ.